ಕ್ಷಣದಲ್ಲೇ ಆರುವ ಬ್ಯಾಟರಿ ಸ್ವಿಚ್

ಪ್ರಶ್ನೆ: ಕುದೂರಿನಲ್ಲಿ ಎಲೆಕ್ಟ್ರಿಕ್ ಆಟೊ ರಿಪೇರಿ ಮಾಡುತ್ತೇನೆ. 48 ವೋಲ್ಟ್ ಲಿಥಿಯಂ ಪ್ಯಾಕಿನ ಪಾಸಿಟಿವ್ ಕಡೆ ಮಾಸ್‌ಫೆಟ್ ಸ್ವಿಚ್ ಮಾಡಿ, ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಐಆರ್ 2110 ಡ್ರೈವರ್ ಹಾಕಿದೆ. ಕೀ ತಿರುಗಿಸಿದರೆ ಮೀಟರ್ ಹತ್ತುತ್ತದೆ, ತಕ್ಷಣ ಆರುತ್ತದೆ. ಡೂಪ್ಲಿಕೇಟ್ ಇರಬೇಕೆಂದು ಬೇರೆ ತಂದರೂ ಅದೇ ಕತೆ. ಗಿರಾಕಿಗೆ ಮುಖ ತೋರಿಸಲಾಗುತ್ತಿಲ್ಲ. ಯಾವ ಡ್ರೈವರ್ ಹಾಕಲಿ?

ಉತ್ತರ: ಮಾಲಿನ ಮೇಲೆ ಅನುಮಾನ ಬೇಡ, ನಿಮ್ಮ ಕೈಕೆಲಸದ ಮೇಲೂ ಬೇಡ. ಆ ಡ್ರೈವರ್ ಇರುವುದು ಮೋಟಾರ್ ಕಂಟ್ರೋಲರ್, ಇನ್ವರ್ಟರ್‌ಗಳಂತೆ ಸದಾ ಆನ್-ಆಫ್ ಆಗುತ್ತಿರುವ ಕಡೆಗೆ. ಎನ್-ಚಾನೆಲ್ ಮಾಸ್‌ಫೆಟ್ ಪೂರ್ತಿ ತೆರೆಯಲು ಗೇಟು ಸೋರ್ಸಿಗಿಂತ ಹತ್ತು ಹನ್ನೆರಡು ವೋಲ್ಟ್ ಮೇಲಿರಬೇಕು. ಪಾಸಿಟಿವ್ ಕಡೆಯ ಸ್ವಿಚ್ ಆನ್ ಆದೊಡನೆ ಸೋರ್ಸೇ ಬ್ಯಾಟರಿಯ ಮಟ್ಟಕ್ಕೆ ಏರುತ್ತದೆ. ಗೇಟು ಅದಕ್ಕೂ ಮೇಲೆ ಹೋಗಬೇಕು. ಐಆರ್ 2110 ಆ ಹೆಚ್ಚಿನ ವೋಲ್ಟೇಜನ್ನು ಬೂಟ್‌ಸ್ಟ್ರಾಪ್ ಕೆಪಾಸಿಟರಿನಿಂದ ಪಡೆಯುತ್ತದೆ. ಅದು ತುಂಬುವುದು ಸ್ವಿಚ್ ಆಫ್ ಆಗಿ ಸೋರ್ಸ್ ಕೆಳಗಿಳಿದಾಗ ಮಾತ್ರ. ನಿಮ್ಮದೋ ಗಂಟೆಗಟ್ಟಲೆ ಆನ್ ಇರಬೇಕಾದ ಸ್ವಿಚ್. 10 ಮೈಕ್ರೊಫ್ಯಾರಡ್ ಹಾಕಿದ್ದರೂ, ಡ್ರೈವರ್ ತಾನೇ ಎಳೆಯುವ 125 ಮೈಕ್ರೊಆಂಪಿಗೆ ಕಾಲು ಸೆಕೆಂಡಿನಲ್ಲಿ 3 ವೋಲ್ಟ್ ಇಳಿದುಹೋಗುತ್ತದೆ. ವೋಲ್ಟೇಜ್ ಕಮ್ಮಿಯಾಯಿತೆಂದು ಡ್ರೈವರ್ ಗೇಟನ್ನು ಮುಚ್ಚುತ್ತದೆ. ಕೆಪಾಸಿಟರ್ ದೊಡ್ಡದು ಮಾಡಿ ನೋಡಿ, ಆರುವುದು ತುಸು ತಡವಾಗುತ್ತದೆ ಅಷ್ಟೆ. ಹಾಗೆ ಮಾಡಿ ಗಾಡಿಗೆ ಮಾತ್ರ ಹಾಕಬೇಡಿ. ಏರಿನಲ್ಲಿ ಜನ ಕೂತಿರುವಾಗ ಆರಿದರೆ ಗತಿಯೇನು?

ನಿಮಗೆ ಬೇಕಾದದ್ದು ಒಳಗೇ ಚಾರ್ಜ್ ಪಂಪ್ ಇರುವ, ಅಂದರೆ ಸ್ವಿಚ್ ಆನ್ ಇದ್ದಾಗಲೂ ಗೇಟಿನ ವೋಲ್ಟೇಜನ್ನು ತಾನೇ ತುಂಬುತ್ತಿರುವ ಡ್ರೈವರ್. ಕರೆಂಟ್ ಅಳೆದು ನಿರ್ಧಾರ ಮಾಡುವ ಬಿಎಂಎಸ್ ಈಗಾಗಲೇ ಇದ್ದರೆ ಬಿಕ್ಯೂ 76200 ನೋಡಿ. ಬ್ಯಾಟರಿಗೆಂದೇ ಮಾಡಿದ್ದು, 75 ವೋಲ್ಟ್‌ವರೆಗೆ ನಡೆಯುತ್ತದೆ, ಚಾರ್ಜಿಗೂ ಡಿಸ್ಚಾರ್ಜಿಗೂ ಬೇರೆ ಬೇರೆ ಗೇಟ್ ಪಿನ್ ಕೊಡುತ್ತದೆ. ಬರೀ ಸ್ವಿಚ್ ಆದರೆ ಎಲ್‌ಟಿಸಿ 7000 ಹಾಕಿ. 135 ವೋಲ್ಟ್ ತಡೆಯುತ್ತದೆ, ಹೆಚ್ಚು ಕರೆಂಟ್ ಹರಿದರೆ ತಾನೇ ಕಡಿಯುತ್ತದೆ. ನಿಮ್ಮಂಥ ಅಂಗಡಿಗೆ ನನ್ನ ಒಲವು ಇದರ ಕಡೆಗೇ. ಪಿನ್ನುಗಳ ಅಂತರ ಅರ್ಧ ಮಿಲಿಮೀಟರ್; ಬೆಸುಗೆಗೆ ಫ್ಲಕ್ಸು, ಭೂತಗನ್ನಡಿ ಎರಡೂ ಬೇಕು.

ಗೇಟ್-ಸೋರ್ಸ್ ನಡುವೆ 10 ಕಿಲೊಓಮ್ ಹಾಕುವ ರೂಢಿಯನ್ನು ಇಲ್ಲಿ ಬಿಡಿ. ಅದೊಂದೇ ಮಿಲಿಆಂಪಿಗೂ ಹೆಚ್ಚು ಎಳೆಯುತ್ತದೆ, ಚಾರ್ಜ್ ಪಂಪಿಗೆ ಅಷ್ಟು ಶಕ್ತಿಯಿಲ್ಲ. ಮೆಗಾಓಮ್ ಲೆಕ್ಕದ್ದು ಹಾಕಿ. ಮಾಸ್‌ಫೆಟ್ಟಿನೊಳಗಿನ ಡಯೋಡ್ ಒಂದು ದಿಕ್ಕಿಗೆ ಕರೆಂಟ್ ಬಿಟ್ಟೇ ಬಿಡುತ್ತದೆ. ಚಾರ್ಜಿಂಗನ್ನೂ ತಡೆಯಬೇಕೆಂದರೆ ಎರಡನ್ನು ಎದುರುಬದುರು ಜೋಡಿಸಲೇಬೇಕು.

ಎಲ್ಲರೂ ಆನ್ ಮಾಡುವುದನ್ನೇ ಯೋಚಿಸುತ್ತಾರೆ, ಮಾಸ್‌ಫೆಟ್ ಸಾಯುವುದು ಹೆಚ್ಚಾಗಿ ಆಫ್ ಆಗುವಾಗ. 16 ಎಲ್‌ಎಫ್‌ಪಿ ಸೆಲ್ಲಿನ ಪ್ಯಾಕ್ ತುಂಬಿದಾಗ 58.4 ವೋಲ್ಟ್. ಒಂದು ಮೀಟರ್ ವೈರಿಗೆ ಸುಮಾರು 1 ಮೈಕ್ರೊಹೆನ್ರಿ ಇಂಡಕ್ಟನ್ಸ್ ಇರುತ್ತದೆ. ಶಾರ್ಟ್ ಆಗಿ 100 ಆಂಪ್ ಹರಿಯುತ್ತಿದ್ದದ್ದು ಒಂದು ಮೈಕ್ರೊಸೆಕೆಂಡಿನಲ್ಲಿ ನಿಂತರೆ ಮೇಲೆ ಇನ್ನೂ 100 ವೋಲ್ಟ್ ಎದ್ದು ಬರುತ್ತದೆ. 100 ವೋಲ್ಟಿನ ಮಾಸ್‌ಫೆಟ್ ಅದನ್ನು ತಾಳದು. ವೈರು ಗಿಡ್ಡವಿರಲಿ, ಸ್ವಿಚ್ಚಿನ ಹತ್ತಿರವೇ ಈ ಏರಿಕೆಯನ್ನು ಹೀರುವ ಟಿವಿಎಸ್ ಡಯೋಡ್ ಹಾಕಿ, ಗೇಟಿಗೆ ಸಣ್ಣ ರೆಸಿಸ್ಟರ್ ಕೊಟ್ಟು ಆಫ್ ಆಗುವುದನ್ನು ತುಸು ನಿಧಾನ ಮಾಡಿ. ಆನ್ ಮಾಡುವಾಗಲೂ ಕಂಟ್ರೋಲರಿನ ಕೆಪಾಸಿಟರುಗಳನ್ನು ಮೊದಲು ರೆಸಿಸ್ಟರ್ ಮೂಲಕ ತುಂಬಿಸಿ, ಆಮೇಲೆ ಮುಖ್ಯ ಸ್ವಿಚ್.

ಮಾಸ್‌ಫೆಟ್ ಕೆಟ್ಟರೆ ಸಾಮಾನ್ಯವಾಗಿ ಶಾರ್ಟ್ ಆಗಿಯೇ ಕೆಡುತ್ತದೆ, ಆಗ ಯಾವ ಡ್ರೈವರೂ ಕಾಯುವುದಿಲ್ಲ. ಆದ್ದರಿಂದ ಡಿಸಿ ಫ್ಯೂಸ್ ತೆಗೆಯಬೇಡಿ. ಮೊದಲ ಪರೀಕ್ಷೆ ಪ್ಯಾಕಿನ ಮೇಲೆ ಬೇಡ. ಕರೆಂಟ್ ಮಿತಿಯಿರುವ ಪವರ್ ಸಪ್ಲೈ ಇಟ್ಟು, ಒಂದು ಗಂಟೆ ಆನ್ ಬಿಟ್ಟು, ಗೇಟ್-ಸೋರ್ಸ್ ವೋಲ್ಟೇಜ್ ಹತ್ತರ ಕೆಳಗೆ ಇಳಿಯುತ್ತದೆಯೇ ಎಂದು ಮೀಟರ್ ಹಿಡಿದು ನೋಡಿ. ಇಳಿಯದಿದ್ದರೆ ಗಿರಾಕಿಗೆ ದಿನ ಹೇಳಿ.