ರಕ್ತ: ಗುಂಪು, ಕೊರತೆ ಮತ್ತು ದಾನ

ರಕ್ತವನ್ನು ಯಾವ ಕಾರ್ಖಾನೆಯಲ್ಲಿಯೂ ತಯಾರಿಸಲಾಗದು. ಒಬ್ಬರ ದೇಹದಿಂದಲೇ ಅದು ಮತ್ತೊಬ್ಬರಿಗೆ ದೊರೆಯಬೇಕು. ಆದರೆ ಎಲ್ಲರ ರಕ್ತವೂ ಎಲ್ಲರಿಗೂ ಹೊಂದುವುದಿಲ್ಲ. ಇದರ ಕಾರಣವನ್ನು 1901ರಲ್ಲಿ ಆಸ್ಟ್ರಿಯಾದ ವೈದ್ಯ ಕಾರ್ಲ್ ಲ್ಯಾಂಡ್‌ಸ್ಟೈನರ್ ತೋರಿಸಿಕೊಟ್ಟರು. ಕೆಂಪುಕಣಗಳ ಮೇಲಿನ ಅಂಶಗಳಿಗೆ ಅನುಗುಣವಾಗಿ ರಕ್ತದಲ್ಲಿ ಎ, ಬಿ, ಎಬಿ ಮತ್ತು ಓ ಎಂಬ ನಾಲ್ಕು ಗುಂಪುಗಳಿವೆ. ಆರ್‌ಎಚ್ ಅಂಶವಿದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ಹೊಂದದ ರಕ್ತವನ್ನು ಕೊಟ್ಟರೆ ಕಣಗಳು ಒಡೆದು ಪ್ರಾಣಕ್ಕೇ ಅಪಾಯ. ಆದುದರಿಂದ ಗುಂಪು ಒಂದೇ ಆಗಿದ್ದರೂ ರಕ್ತನಿಧಿಯಲ್ಲಿ ಹೊಂದಾಣಿಕೆಯ ಪರೀಕ್ಷೆ ನಡೆಸಿಯೇ ಕೊಡುತ್ತಾರೆ. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆದಲ್ಲಿ ಹೆರಿಗೆಯಾದ 72 ಗಂಟೆಗಳೊಳಗೆ ತಾಯಿಗೆ ಆಂಟಿ-ಡಿ ಚುಚ್ಚುಮದ್ದು ಕೊಡಿಸಬೇಕು. ಇದು ಮುಂದಿನ ಮಗುವಿಗೆ ರಕ್ಷೆ.

ರಕ್ತದ ತೊಂದರೆಗಳಲ್ಲಿ ಅತಿ ಸಾಮಾನ್ಯವಾದುದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇ. 48 ಮಂದಿಗೆ ಇದು ಇದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯವರಾದ ನಾವು ರಾಗಿ ಉಣ್ಣುವವರು; ನಮಗೇಕೆ ರಕ್ತದ ಕೊರತೆ ಎನಿಸಬಹುದು. ರಾಗಿಯಲ್ಲಿ ಕಬ್ಬಿಣಾಂಶವಿರುವುದು ನಿಜ, ಆದರೆ ಅದರಲ್ಲಿಯೇ ಇರುವ ಫೈಟೇಟ್ ಎಂಬ ವಸ್ತು ಅದನ್ನು ದೇಹಕ್ಕೆ ಪೂರ್ಣವಾಗಿ ಸೇರಗೊಡದು. ರಾಗಿಯನ್ನು ಮೊಳಕೆ ಬರಿಸಿ ಹಿಟ್ಟು ಮಾಡಿದರೆ ಈ ಅಡ್ಡಿ ತಗ್ಗುತ್ತದೆ. ಸೊಪ್ಪಿನ ಬಸ್ಸಾರಿಗೆ ನಿಂಬೆರಸ ಹಿಂಡಿ, ಊಟದೊಡನೆ ನೆಲ್ಲಿಕಾಯಿ ಸೇವಿಸಿದರೆ ಕಬ್ಬಿಣ ಹೆಚ್ಚು ಹೀರಲ್ಪಡುತ್ತದೆ. ಊಟದ ಬೆನ್ನಿಗೇ ಕಾಫಿ, ಚಹಾ ಕುಡಿಯಬಾರದು. ಸಸ್ಯಾಹಾರಿಗಳಲ್ಲಿ ಬಿ-12 ಕೊರತೆಯೂ ಬರುವುದುಂಟು. ಹಾಲು, ಮೊಸರು ಊಟದಲ್ಲಿರಲಿ.

ಗರ್ಭಿಣಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. 7ಕ್ಕಿಂತ ಕಡಿಮೆಯಾದರೆ ತೀವ್ರ ಸ್ಥಿತಿ. ಇಂಥವರು ಹೆರಿಗೆಯ ರಕ್ತಸ್ರಾವವನ್ನು ತಾಳಲಾರರು. ಆದುದರಿಂದ ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣದ ಮಾತ್ರೆಗಳನ್ನು, ಮಲ ಕಪ್ಪಾಯಿತೆಂದು ಹೆದರಿ ನಿಲ್ಲಿಸಬಾರದು, ಅದು ಸಹಜ.

ಇನ್ನೊಂದು ತೊಂದರೆ ಥಲಸ್ಸೇಮಿಯಾ. ತಂದೆತಾಯಿಗಳಿಬ್ಬರೂ ಆರೋಗ್ಯವಂತರಾಗಿ ಕಂಡರೂ ಇದರ ವಾಹಕರಾಗಿದ್ದರೆ, ಪ್ರತಿ ಗರ್ಭದಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ಶೇ. 25. ಅಂಥ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕಾಗುತ್ತದೆ. ಸೋದರಮಾವ, ಅತ್ತೆಯ ಮಗ ಎಂದು ಹತ್ತಿರದ ಸಂಬಂಧದಲ್ಲಿ ಮದುವೆ ಮಾಡುವ ರೂಢಿ ನಮ್ಮಲ್ಲಿದೆ. ಅಲ್ಲಿ ಈ ಸಂಭವ ಹೆಚ್ಚು. ಜಾತಕ ನೋಡುವ ಮೊದಲು ರಕ್ತಪರೀಕ್ಷೆ ಮಾಡಿಸುವುದು ಜಾಣತನ.

18ರಿಂದ 65 ವಯಸ್ಸಿನ, 45 ಕಿಲೋಗ್ರಾಂಗಿಂತ ಕಡಿಮೆಯಿಲ್ಲದ ತೂಕದ, ಹಿಮೋಗ್ಲೋಬಿನ್ 12.5 ಗ್ರಾಂ ಇರುವ ಆರೋಗ್ಯವಂತರು ರಕ್ತದಾನ ಮಾಡಬಹುದು. ಪುರುಷರು ಮೂರು ತಿಂಗಳಿಗೊಮ್ಮೆ, ಮಹಿಳೆಯರು ನಾಲ್ಕು ತಿಂಗಳಿಗೊಮ್ಮೆ ನೀಡಬಹುದು. ಕೆಂಪುಕಣಗಳನ್ನು ಸುಮಾರು 42 ದಿನ, ಪ್ಲೇಟ್‌ಲೆಟ್‌ಗಳನ್ನು ಐದೇ ದಿನ ಇಡಲು ಸಾಧ್ಯ. ಹೀಗಾಗಿ ದಾನಿಗಳು ವರ್ಷವಿಡೀ ಬೇಕು. ಯಾರದೋ ಪ್ರಾಣ ಸಂಕಟದಲ್ಲಿರುವಾಗ ದಾನಿಯನ್ನು ಹುಡುಕಿ ಓಡಾಡುವುದಲ್ಲ. ರಕ್ತವೇ ಮೊದಲು ಅಲ್ಲಿ ಕಾದಿರಬೇಕು. ಹೆಸರು ಹೇಳದೆ, ಪಡೆಯುವವರು ಯಾರೆಂದು ಕೇಳದೆ ನೀಡುವ ಈ ದಾಸೋಹಕ್ಕೆ ಎಲ್ಲರೂ ಮುಂದಾಗೋಣ.