ಮೊಲದ ಗಂಟು ನಮ್ಮ ಕುರುವಿನಂತಲ್ಲ



ಖಾನಾಪುರ ತಾಲೂಕಿನ ಒಂದು ಸಂಘದ ಸಭೆಗೆ ಮಳೆಗಾಲದಲ್ಲಿ ಹೋಗಿದ್ದೆವು. ಉಳಿತಾಯದ ಲೆಕ್ಕ ಮುಗಿಯುವ ಹೊತ್ತಿಗೆ ಒಬ್ಬ ತಾಯಿ, ಮಗಳು ಸಾಕಿದ್ದ ಬಿಳಿ ಮೊಲವನ್ನು ಬುಟ್ಟಿಯಲ್ಲಿ ತಂದರು. "ಸಿಸ್ಟರ್, ಗದ್ದದ ಬಾಜೂಕ ಗಂಟ ಎದ್ದೈತ್ರಿ. ದನಕ್ಕ ಬಂದಿತ್ತಲ್ರಿ, ಅದ ಏನ್ರಿ ಇದು?" ಎಂದು ಕೇಳಿದರು. 2022ರಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಚರ್ಮಗಂಟು ರೋಗ ಕಂಡವರಿಗೆ ಆ ಹೆದರಿಕೆ ಸಹಜ. ಆದರೆ ಅದು ದನ-ಎಮ್ಮೆಗಳ ರೋಗ. ಮೊಲದ ಗಂಟಿನ ಕಥೆ ಬೇರೆ.

ಆ ದಿನ ನಾವೂ ತಪ್ಪಿದೆವು. ಕುರು ಇರಬೇಕು, ಬಿಸಿ ಅರಿಷಿಣ ಹಚ್ಚಿರಿ, ಹಣ್ಣಾಗಿ ಒಡೆಯುತ್ತದೆ ಅಂದೆವು. ಅದು ಒಡೆಯಲಿಲ್ಲ. ಮಗಳ ಜ್ವರಕ್ಕೆ ತಂದು ಉಳಿದಿದ್ದ ಅಮಾಕ್ಸಿಸಿಲಿನ್ ಕ್ಯಾಪ್ಸೂಲನ್ನು ಮನೆಯವರು ಬಿಚ್ಚಿ, ನೀರಲ್ಲಿ ಕಲಸಿ ಕುಡಿಸಿದರು. ಮೊಲಕ್ಕೆ ಭೇದಿ ಹತ್ತಿತು, ಮೇವು ಬಿಟ್ಟಿತು, ಸತ್ತಿತು. ಆ ಹುಡುಗಿ ನಮ್ಮ ಸಂಗಡ ಮಾತಾಡಲು ಬಹಳ ದಿನ ಹಿಡಿಯಿತು. ಆಮೇಲೆ ಪಶುವೈದ್ಯರನ್ನು ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಕುರುವಿನ ಕೀವು ತೆಳು, ಒಡೆದರೆ ಹರಿದುಹೋಗುತ್ತದೆ. ಮೊಲದ ಕೀವು ಹಾಗಲ್ಲ. ಬೆಣ್ಣೆಯಂತೆ ಗಟ್ಟಿ, ಅದರ ಸುತ್ತ ದಪ್ಪನೆಯ ಚೀಲ ಬೆಳೆದಿರುತ್ತದೆ. ಹಿಂಡಿದರೆ ಹೊರಗೆ ಬರುವುದಿಲ್ಲ. ಚೀಲ ಒಳಗೇ ಒಡೆದು ಸೋಂಕು ಹರಡಬಹುದು. ವೈದ್ಯರು ಸಾಧ್ಯವಾದಷ್ಟು ಚೀಲದ ಸಮೇತ ಕತ್ತರಿಸಿ ತೆಗೆಯಬೇಕಾಗುತ್ತದೆ. ತೆಗೆದರೂ ಕೆಲವೊಮ್ಮೆ ಮರಳಿ ಬರುತ್ತದೆ, ಇದನ್ನು ಮುಚ್ಚಿಡುವುದು ಬೇಡ.

ಇನ್ನು ಔಷಧ. ಮೊಲ ಹುಲ್ಲನ್ನು ಅರಗಿಸುವುದು ಕರುಳಿನಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿಗಳಿಂದ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್ ಬಾಯಿಂದ ಹೋದರೆ ಅವು ಸಾಯುತ್ತವೆ, ವಿಷ ಮಾಡುವ ಜೀವಿಗಳು ಬೆಳೆಯುತ್ತವೆ. ನಮಗೆ ಗುಣ ಕೊಡುವ ಗುಳಿಗೆ ಮೊಲದ ಜೀವ ತೆಗೆಯುವುದು ಹೀಗೆ. ನಾಯಿಗೆ ಉಣ್ಣೆ ಹೋಗಲಿ ಎಂದು ಹೊಡೆಯುವ ಫಿಪ್ರೋನಿಲ್ ಸ್ಪ್ರೇ ಕೂಡ ಮೊಲಕ್ಕೆ ವಿಷವೇ.

ಗಂಟು ದವಡೆಯ ಹತ್ತಿರ ಇದ್ದರೆ ಮೊದಲು ಹಲ್ಲು ನೋಡಿಸಿರಿ. ಮೊಲಕ್ಕೆ 28 ಹಲ್ಲು, ಎಲ್ಲವೂ ಜೀವನಪೂರ್ತಿ ಬೆಳೆಯುತ್ತಲೇ ಇರುತ್ತವೆ. ಹುಲ್ಲು ಅಗಿದು ಅಗಿದು ಸವೆಯಬೇಕು. ನಾವು ಪ್ರೀತಿಯಿಂದ ಬಿಸ್ಕೀಟು, ಚಪಾತಿ, ಅನ್ನ ಹಾಕುತ್ತೇವೆ. ಹಲ್ಲು ಸವೆಯದೆ ಬೇರು ದವಡೆಯ ಎಲುಬಿಗೆ ಒತ್ತಿ ಅಲ್ಲಿ ಕೀವು ಕಟ್ಟುತ್ತದೆ. ಆ ಮನೆಯಲ್ಲೂ ದಿನಾ ಬಿಸ್ಕೀಟೇ ಇತ್ತು. ಕರಿಕೆ, ಒಣಹುಲ್ಲು ಯಾವಾಗಲೂ ಮುಂದಿರಲಿ, ಉಳಿದದ್ದು ಸ್ವಲ್ಪ ಸಾಕು. ಜೊಲ್ಲು ಸುರಿಯುವುದು, ಮೇವು ಬಾಯಿಂದ ಬೀಳುವುದು ಗಂಟಿಗಿಂತ ಮೊದಲೇ ಕಾಣಬಹುದು.

ಉಬ್ಬಿದ್ದೆಲ್ಲಾ ರೋಗವಲ್ಲ ಮತ್ತೆ. ದೊಡ್ಡ ಹೆಣ್ಣು ಮೊಲಕ್ಕೆ ಗದ್ದದ ಕೆಳಗೆ ಮೆತ್ತನೆಯ ಮಡಿಕೆ ಇರುತ್ತದೆ. ಅದಕ್ಕೂ ಅರಿಷಿಣ ಬಳಿದವರನ್ನು ಕಂಡಿದ್ದೇವೆ! ಮರಿ ಹಾಕುವ ಮುಂಚೆ ಹೊಟ್ಟೆಯ ಕೂದಲು ಕಿತ್ತುಕೊಳ್ಳುವುದೂ ಗೂಡಿಗಾಗಿ. ಆದರೆ ಕಿವಿ, ಮೂಗಿನ ಮೇಲೆ ಬೂದು ಹೊಪ್ಪಳೆ ಕಟ್ಟಿದರೆ ಅದು ಕಜ್ಜಿ. ಕೆಲವು ಬಗೆಯ ಕಜ್ಜಿ ಮುಟ್ಟಿದವರಿಗೂ ತುರಿಕೆ ತರುತ್ತದೆ. ಮಕ್ಕಳು ಕೈ ತೊಳೆಯಲಿ.

ಖಾನಾಪುರದ ಮಳೆಯಲ್ಲಿ ಇನ್ನೊಂದು ಭಯವಿದೆ. ಗೂಡು ಒದ್ದೆ, ಹಿಂಭಾಗದ ಕೂದಲಿಗೆ ಹಿಕ್ಕೆ ಅಂಟಿದೆ ಎಂದರೆ ನೊಣ ಮೊಟ್ಟೆ ಇಡುತ್ತದೆ. ಒಂದು ದಿನದೊಳಗೇ ಹುಳ ಹೊರಬಂದು ಚರ್ಮ, ಮಾಂಸ ತಿನ್ನತೊಡಗಬಹುದು. ಫಿನೈಲು, ಸೀಮೆಎಣ್ಣೆ ಸುರಿಯಬೇಡಿರಿ. ಕಂಡ ಹುಳ ಚಿಮಟಿಗೆಯಿಂದ ತೆಗೆಯುತ್ತಾ ತಡಮಾಡದೆ ಆಸ್ಪತ್ರೆಗೆ ಹೊರಡಿರಿ. ಮಳೆಗಾಲದಲ್ಲಿ ದಿನಕ್ಕೆರಡು ಸಲ ಬಾಲದ ಕೆಳಗೆ ನೋಡುವುದು ನಾಚಿಕೆಯ ಕೆಲಸವಲ್ಲ.

"ಮುನ್ನೂರು ರೂಪಾಯಿ ಮೊಲಕ್ಕ ಅಷ್ಟ ಖರ್ಚ ಯಾಕ್ರಿ?" ಎಂದು ಆ ಸಭೆಯಲ್ಲೇ ಒಬ್ಬರು ಕೇಳಿದ್ದರು. ಅವರ ಮಾತಲ್ಲಿ ಸುಳ್ಳಿಲ್ಲ. ಆದರೆ ಅವರೆಕಾಳಿನಷ್ಟಿದ್ದಾಗ ತೋರಿಸಿದರೆ ಕೆಲಸ ಚಿಕ್ಕದು, ಖರ್ಚೂ ಕಡಿಮೆ.

ತಾಲೂಕು ಪಶು ಆಸ್ಪತ್ರೆಯಲ್ಲಿ ಕೇಳಿರಿ. ಎಕ್ಸ್-ರೇ, ಆಪರೇಷನ್ ಬೇಕೆಂದರೆ ಬೆಳಗಾವಿಗೆ ಹೋಗಬೇಕಾದೀತು. ಹನ್ನೆರಡು ತಾಸು ಮೇವು ಮುಟ್ಟದಿದ್ದರೆ, ಹಿಕ್ಕೆ ಹಾಕದಿದ್ದರೆ ನಾಳೆಗೆ ಕಾಯಬೇಡಿರಿ. ಆಪರೇಷನ್ ಇದೆಯೆಂದು ನಮ್ಮ ಹಾಗೆ ಉಪವಾಸ ಕೆಡವಬೇಡಿರಿ. ಮೊಲಕ್ಕೆ ವಾಂತಿಯಾಗುವುದಿಲ್ಲ, ಹೊಟ್ಟೆ ಖಾಲಿ ಬಿದ್ದರೇ ಅಪಾಯ. ಬಸ್ಸು ಹತ್ತುವಾಗ ಬುಟ್ಟಿಯಲ್ಲಿ ಒಂದು ಹಿಡಿ ಹುಲ್ಲು ಇರಲಿ.