ಟೊಮೆಟೊ ಬೇರಿಗೆ ಗಂಟು ಕಟ್ಟುವ ಹುಳು

ಮಕ್ಕಳೇ, ನೀರು ಹಾಯಿಸಿದರೂ ಟೊಮೆಟೊ ಗಿಡ ಮಧ್ಯಾಹ್ನ ಬಾಡುವುದನ್ನು ಕಂಡಿದ್ದೀರಾ? ಅಂಥ ಗಿಡದ ಬೇರಿನಲ್ಲಿ ಕೆಲವೊಮ್ಮೆ ಮಣಿಸರದಂತೆ ಗಂಟುಗಳಿರುತ್ತವೆ. ಇದು ಬೇರುಗಂಟು ಜಂತುಹುಳುವಿನ ಕೆಲಸ. ಅರ್ಧ ಮಿಲಿಮೀಟರೂ ಇಲ್ಲದ ಮರಿಹುಳು ಬೇರಿನ ತುದಿಯಿಂದ ಒಳಹೊಕ್ಕು, ಕೆಲವು ಜೀವಕೋಶಗಳನ್ನು ದೊಡ್ಡದಾಗಿ ಉಬ್ಬಿಸಿ, ಅವುಗಳಿಂದ ಆಹಾರ ಹೀರುತ್ತದೆ. ಗಿಡಕ್ಕೆ ನೀರು ಸರಿಯಾಗಿ ಏರುವುದಿಲ್ಲ.

ಪೆರು ದೇಶದ ಒಂದು ಕಾಡು ಟೊಮೆಟೊ ಈ ಹುಳುವಿಗೆ ಜಗ್ಗುವುದಿಲ್ಲ. 1940ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಸ್ಮಿತ್ ಅದನ್ನು ಹೊಲದ ಟೊಮೆಟೊ ಜೊತೆ ಸಂಕರ ಮಾಡಿದರು. ಬೀಜ ಬಲಿಯಲಿಲ್ಲ. ಆಗ ಎಳೆಯ ಭ್ರೂಣವನ್ನೇ ಹೊರತೆಗೆದು ಪ್ರಯೋಗಾಲಯದಲ್ಲಿ ಬೆಳೆಸಿದರು! ಹೀಗೆ ನಮ್ಮ ಟೊಮೆಟೊಗೆ ‘ಎಂಐ’ ಎಂಬ ವಂಶವಾಹಿ ಬಂತು. ಅದಿರುವ ಗಿಡದಲ್ಲಿ ಹುಳು ಬಾಯಿ ಹಾಕಿದ ಜಾಗದ ಜೀವಕೋಶಗಳು ತಾವೇ ಸಾಯುತ್ತವೆ. ಹುಳುವಿಗೆ ಉಪವಾಸ!

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ‘ಅರ್ಕಾ ವರದಾನ್’ ಎಂಬ ನಿರೋಧಕ ತಳಿ ನೀಡಿದೆ.

ಆದರೆ ಮಣ್ಣಿನ ಉಷ್ಣತೆ 28 ಡಿಗ್ರಿ ಸೆಲ್ಸಿಯಸ್ ದಾಟಿದರೆ ‘ಎಂಐ’ ಕೊಡುವ ರಕ್ಷಣೆ ಕುಗ್ಗುತ್ತದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯ ಬೇಸಿಗೆ ಗೊತ್ತಲ್ಲ! ಹಾಗಾಗಿ ಇಲ್ಲಿ ಬೀಜವೊಂದನ್ನೇ ನಂಬಿ ಕೂಡುವಂತಿಲ್ಲ. ವಿಚಿತ್ರವೆಂದರೆ, ಅದೇ ಬಿಸಿಲು ರೈತನ ಗೆಳೆಯನೂ ಹೌದು: ಬೇಸಿಗೆಯಲ್ಲಿ ಖಾಲಿ ಹೊಲವನ್ನು ಆಳವಾಗಿ ಉತ್ತರೆ ಮೇಲೆ ಬಂದ ಹುಳುಗಳು ಒಣಗಿ ಸಾಯುತ್ತವೆ. ಸಾಲುಗಳ ನಡುವೆ ಚೆಂಡುಹೂವು ಬೆಳೆಸಿದರೂ ಹುಳು ಕಡಿಮೆಯಾಗುತ್ತದೆ.

ಮಾಡಿ ನೋಡಿ: ಕಾಯಿ ಮುಗಿದ ಟೊಮೆಟೊ ಗಿಡ ಮತ್ತು ಶೇಂಗಾ ಗಿಡ ಕಿತ್ತು ಬೇರು ತೊಳೆಯಿರಿ. ಶೇಂಗಾ ಬೇರಿನ ಗಂಟು ಉಗುರು ತಾಗಿದರೆ ಕಳಚುತ್ತದೆ. ಅದು ಉಪಕಾರಿ ಬ್ಯಾಕ್ಟೀರಿಯಾಗಳ ಮನೆ. ಟೊಮೆಟೊದಲ್ಲಿ ಬೇರೇ ಊದಿಕೊಂಡಿದ್ದರೆ, ಕಳಚದಿದ್ದರೆ, ಅದನ್ನು ಹೊಲದಲ್ಲಿ ಬಿಡದೆ ಸುಡಲು ಹಿರಿಯರಿಗೆ ಹೇಳಿ. ಒಂದೊಂದು ಹೆಣ್ಣು ಹುಳು ನೂರಾರು ಮೊಟ್ಟೆ ಇಡುತ್ತದೆ.